ಹದಿನಾಲ್ಕು ಕಂಪ್ಯೂಟರು, ಒಬ್ಬಳೇ ನೀಲಾ

ಬೆಳಗಾವಿಯ ಶಹಾಪುರದಲ್ಲಿದ್ದ ಗುರುಪುತ್ರಪ್ಪನವರ ಅಂಗಡಿಯಲ್ಲಿ ಯಾರು ಹೊಲಿಗೆ ಮಶಿನ್ ಕೊಂಡರೂ, ಎರಡು ದಿನ ಬಿಟ್ಟು ಅವರ ಮನೆಗೆ ಒಬ್ಬ ಹೆಣ್ಣುಮಗಳು ಹೋಗುತ್ತಿದ್ದಳು. ಹೆಗಲಿಗೆ ಕಂದು ಬಣ್ಣದ ರೆಕ್ಸಿನ್ ಚೀಲ. ಅದರೊಳಗೆ ಎಣ್ಣೆಯ ಡಬ್ಬಿ, ನಾಲ್ಕಾರು ಸೂಜಿ, ಒಂದು ಸ್ಕ್ರೂಡ್ರೈವರ್, ಹೊಲಿದು ತೋರಿಸಲು ಬಟ್ಟೆಯ ತುಂಡುಗಳು. ಹೋದವಳು ಮೊದಲು ನೀರು ಕೇಳಿ ಕುಡಿಯುತ್ತಿದ್ದಳು. ಆಮೇಲೆ ಮಶಿನ್ನಿನ ಮುಂದೆ ಆ ಮನೆಯ ಹೆಂಗಸನ್ನೇ ಕೂರಿಸಿ, ತಾನು ಬಾಜು ನಿಂತು, ದಾರ ಪೋಣಿಸುವುದರಿಂದ ಕಾಜಾ ಮಾಡುವುದರವರೆಗೆ ಕಲಿಸಿ ಬರುತ್ತಿದ್ದಳು. ಆಕೆಯ ಹೆಸರು ನೀಲಾ. ಅಂಗಡಿಯ ಪುಸ್ತಕದಲ್ಲಿ ಅವಳ ಕೆಲಸಕ್ಕೆ ಹೆಸರಿರಲಿಲ್ಲ. ಜನ ಮಾತ್ರ, ಶಾಲೆಯ ಟೀಚರಮ್ಮನನ್ನು ಕರೆದಂತೆ, ಅವಳನ್ನು ‘ಮಶಿನ್ ಬಾಯಾರು’ ಎಂದು ಕರೆಯುತ್ತಿದ್ದರು.

ನೀಲಾಳ ತವರು ಖಾನಾಪುರ ತಾಲ್ಲೂಕಿನ ಬೀಡಿ. ಕುರಿ ಕಾಯುತ್ತ, ಮಳೆಗಾಲದಲ್ಲಿ ಎರಡೆಕರೆ ಉಳುತ್ತ ಬದುಕಿದ ಮನೆತನ. ಆ ಮನೆಯಲ್ಲಿ ಹತ್ತನೇ ಇಯತ್ತೆ ಪಾಸಾದ ಮೊದಲ ಹೆಣ್ಣುಮಗಳು ಅವಳೇ. ಖಾನಾಪುರದ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದ ಲಕ್ಷ್ಮಣನಿಗೆ ಕೊಟ್ಟು ಮದುವೆ ಮಾಡಿದರು. ೧೯೮೪ರಲ್ಲಿ ಒಂದು ದಿನ ಅತ್ತೆಯ ಹಳೆಯ ಹೊಲಿಗೆ ಮಶಿನ್ನಿಗೆ ಪಟ್ಟಾ ತರಲೆಂದು ಬೆಳಗಾವಿಗೆ ಬಂದವಳು ಗುರುಪುತ್ರಪ್ಪನವರ ಅಂಗಡಿ ಹೊಕ್ಕಳು. ಅಂಗಡಿಯ ಮೆಕ್ಯಾನಿಕ್ ಊಟಕ್ಕೆ ಹೋಗಿದ್ದ. ದಾರ ಪದೇಪದೇ ಹರಿಯುತ್ತದೆಂದು ಒಬ್ಬ ಅಜ್ಜಿ ಜಗಳಕ್ಕೆ ನಿಂತಿದ್ದಳು. ನೀಲಾ ತಾನಾಗಿಯೇ ಬಗ್ಗಿ ನೋಡಿ, ಬಾಬಿನ್ ತಿರುವುಮುರುವಾಗಿ ಕೂತದ್ದನ್ನು ಸರಿಮಾಡಿ, ಅಜ್ಜಿಯ ಕೈಯಿಂದಲೇ ಒಂದು ಗೇಣು ಹೊಲಿಸಿದಳು. ಗಲ್ಲೆಯ ಹಿಂದೆ ಕುಳಿತಿದ್ದ ಗುರುಪುತ್ರಪ್ಪ ನೋಡುತ್ತಿದ್ದರು.

ಮುಂದಿನ ಸೋಮವಾರ ಅವರು ಖಾನಾಪುರಕ್ಕೆ ತಾವೇ ಬಸ್ಸಿನಲ್ಲಿ ಬಂದರು. ಹಣೆಗೆ ವಿಭೂತಿ, ತಲೆಗೆ ಬಿಳಿ ಟೊಪ್ಪಿಗೆ. ನೀಲಾಳ ಅತ್ತೆಯ ಎದುರು ಚಾಪೆಯ ಮೇಲೆ ಕುಳಿತು ಹೇಳಿದರು: “ನಿಮ್ಮ ಸೊಸಿನ ನಮ್ಮ ಅಂಗಡಿಗಿ ಕಳಸ್ರಿ. ನನ್ನ ಮಗಳಂಗ ನೋಡ್ಕೊಳ್ತೇನಿ. ಸಂಜಿಮುಂದ ಆರರ ಬಸ್ಸಿಗಿ ಆಕಿ ಮನ್ಯಾಗ ಇರಲಿಲ್ಲಂದ್ರ ನನ್ನ ಕೇಳ್ರಿ.” ಅತ್ತೆ ಮೂರು ದಿನ ಯೋಚನೆ ಮಾಡಿ ಹೂಂ ಅಂದಳು. ಆ ಮೂರು ದಿನ ತನಗೆ ಅನ್ನ ಸೇರಲಿಲ್ಲವೆಂದು ನೀಲಾ ಆಮೇಲೆ ನಗುತ್ತ ಹೇಳುತ್ತಿದ್ದಳು.

ಅಲ್ಲಿಂದ ಹದಿನೈದು ವರ್ಷ ಅವಳು ತಿರುಗದ ಓಣಿಯಿಲ್ಲ. ಹಿಂದವಾಡಿಯ ಬಂಗಲೆಗಳಿಗೂ ಹೋದಳು, ಖಾನಾಪುರದ ಕುಂಬಾರರ ಮನೆಗಳಿಗೂ ಹೋದಳು. ಒಂದು ಮನೆಯಲ್ಲಿ ಕನ್ನಡ, ಮುಂದಿನ ಮನೆಯಲ್ಲಿ ಮರಾಠಿ. ಆ ತಿರುಗಾಟದಲ್ಲಿ ಅವಳಿಗೆ ಒಂದು ಸಂಗತಿ ಚೆನ್ನಾಗಿ ಮನದಟ್ಟಾಗಿತ್ತು. ಮಶಿನ್ ಮನೆಗೆ ಬಂದ ಮೊದಲ ಹದಿನೈದು ದಿನದಲ್ಲಿ ಆ ಮನೆಯವರು ಕೈ ಕೂರಿಸಿಕೊಂಡರೆ ಸರಿ. ಆಗ ಏನಾದರೂ ಕೆಟ್ಟು, ಕೇಳಲು ಯಾರೂ ಸಿಗದಿದ್ದರೆ, ಮಶಿನ್ನಿನ ಮೇಲೆ ಒಂದು ಟವೆಲ್ ಬೀಳುತ್ತದೆ. ಟವೆಲ್ಲಿನ ಮೇಲೆ ಹೂದಾನಿ ಬರುತ್ತದೆ. ಅಲ್ಲಿಗೆ ಅದರ ಕತೆ ಮುಗಿಯಿತು.

ತೊಂಬತ್ತೆಂಟರ ಹೊತ್ತಿಗೆ ಸಿದ್ಧ ಉಡುಪಿನ ಅಂಗಡಿಗಳು ಹೆಚ್ಚಾಗಿ ಹೊಲಿಗೆ ಮಶಿನ್ ಕೊಳ್ಳುವವರು ಕಡಿಮೆಯಾದರು. ಗುರುಪುತ್ರಪ್ಪ ಅರವತ್ತು ದಾಟಿದ್ದರು. ಆದರೂ ಧೈರ್ಯ ಮಾಡಿ, ಅಂಗಡಿಯ ಅರ್ಧ ಜಾಗದಲ್ಲಿ ಕಂಪ್ಯೂಟರ್ ಮಾರಲು ನಿಂತರು. ಅವರಿಗೆ ಬಲಗೈಯಾದವನು ಅಣ್ಣನ ಮಗ ಪ್ರಸಾದ. ಹಿಂದವಾಡಿಯಲ್ಲಿ ಮನೆ, ಪಾಲಿಟೆಕ್ನಿಕ್‌ನಲ್ಲಿ ಮಾಸ್ತರಿಕೆ, ಮೂವತ್ತೈದರ ವಯಸ್ಸು. ಬಿಡಿಭಾಗ ತರಿಸಿ ಜೋಡಿಸಿ ಕೊಡುವುದೆಲ್ಲ ಅವನ ಉಸ್ತುವಾರಿ.

ಕಂಪ್ಯೂಟರ್ ಅಂದರೆ ಬರೀ ಪೆಟ್ಟಿಗೆ. ಅದನ್ನು ಎಬ್ಬಿಸಿ ನಡೆಸುವುದಕ್ಕೆ ಒಳಗೊಂದು ವ್ಯವಸ್ಥೆ ಬೇಕು. ಊರಲ್ಲೆಲ್ಲ ಚಾಲ್ತಿಯಲ್ಲಿದ್ದದ್ದು ವಿಂಡೋಸ್. ಅದು ಕಂಪನಿಯ ಸೊತ್ತು, ಬಿಲ್ಲು ಹರಿಸಿ ಕೊಂಡರೆ ಐದಾರು ಸಾವಿರ. ಆದರೆ ಕೊಳ್ಳುವವರು ಯಾರು? ಹತ್ತು ಅಂಗಡಿಗಳಲ್ಲಿ ಒಂಬತ್ತರವರು ಒಂದೇ ಸಿ.ಡಿ.ಯಿಂದ ನಕಲು ಮಾಡಿ ಎಲ್ಲರಿಗೂ ಹಾಕಿಕೊಡುತ್ತಿದ್ದರು. ಗಿರಾಕಿಗೆ ಅದು ಕಳ್ಳಮಾಲು ಎಂಬುದೂ ಗೊತ್ತಿರಲಿಲ್ಲ. ಗುರುಪುತ್ರಪ್ಪನವರಿಗೆ ಅದು ಒಗ್ಗಲಿಲ್ಲ. ಹೊಲಿಗೆ ಮಶಿನ್ನಿಗೂ ಅವರು ಡುಪ್ಲಿಕೇಟ್ ಸೂಜಿ ಮಾರಿದವರಲ್ಲ. “ಕಾಯಕ ಅಂತ ಹೇಳಿ ಕುಂತ ಮ್ಯಾಲ ಕದ್ದ ಮಾಲ ಕೊಟ್ಟರ ಹೆಂಗಪಾ” ಎಂದು ಪ್ರಸಾದನಿಗೆ ಹೇಳಿಬಿಟ್ಟರು.

ಪ್ರಸಾದ ಕಾದಿದ್ದವನಂತೆ ಒಂದು ಸಿ.ಡಿ. ತೆಗೆದು ಗಲ್ಲೆಯ ಮೇಲೆ ಇಟ್ಟ. ಅದು ಲಿನಕ್ಸ್. ಯಾವ ಒಂದು ಕಂಪನಿಗೂ ಸೇರಿದ್ದಲ್ಲ. ಲೋಕದ ಸಾವಿರಾರು ಜನ ಕೂಡಿ ಬರೆದದ್ದು, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಹಂಚಬಹುದು, ಒಳಗನ್ನು ಬಿಚ್ಚಿ ನೋಡಬಹುದು. “ಕಾಕಾ, ಇದನ್ನ ಕೊಟ್ಟರ ಕಳವೂ ಅಲ್ಲ, ರೊಕ್ಕಾನೂ ಬ್ಯಾಡ” ಎಂದ. ಮುದುಕರ ಮುಖ ಅರಳಿತು. ತಮ್ಮಂಥವರಿಗಾಗಿಯೇ ಯಾರೋ ಮಾಡಿಟ್ಟಂತಿದೆಯಲ್ಲ ಎಂದು ಅವರಿಗೆ ಅನ್ನಿಸಿತು.

“ಖರೇ, ಮನಿಗಿ ಹೋಗಿ ಕಲಸವ್ರು ಯಾರು?” ಎಂದು ಅವರು ಕೇಳಿದಾಗ ಇಬ್ಬರ ಕಣ್ಣೂ ನೀಲಾಳ ಕಡೆ ಹೊರಳಿತು. ನೀಲಾಳಿಗೆ ಆಗ ಮೂವತ್ತೇಳು.

ಆರು ತಿಂಗಳು ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ಅವಳು ಹಿಂದವಾಡಿಗೆ ಹೋದಳು. ಪ್ರಸಾದನ ಹೆಂಡತಿ ಸಮೃದ್ಧಿ ಉಪ್ಪಿಟ್ಟು ಮಾಡಿ ಇಡುತ್ತಿದ್ದಳು, ತಿಂದ ಮೇಲೆ ಪಾಠ. ಇಂಗ್ಲಿಷ್ ಓದುವುದು ನೀಲಾಳಿಗೆ ತಡವಾಗುತ್ತಿತ್ತು. ಪ್ರಸಾದ ಅವಸರ ಮಾಡುತ್ತಿರಲಿಲ್ಲ. ಒಂದೊಂದು ಶಬ್ದವನ್ನೂ ಅವಳು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದಳು. ಲಿನಕ್ಸ್ ಏಳುವಾಗ ಪರದೆಯ ಮೇಲೆ ಸಾಲುಸಾಲಾಗಿ ತಾನು ಮಾಡುತ್ತಿರುವುದನ್ನೆಲ್ಲ ಹೇಳಿಕೊಂಡು, ಪ್ರತಿ ಸಾಲಿನ ತುದಿಗೆ ಓಕೆ, ಓಕೆ ಎಂದು ಹಸಿರು ಅಕ್ಷರ ತೋರಿಸುತ್ತ ಹೋಗುತ್ತಿತ್ತು. ಅದು ಅವಳಿಗೆ ಬಹಳ ಸೇರಿತು. ಏನನ್ನೂ ಮುಚ್ಚಿಡದ ಮನುಷ್ಯರಂತೆ ಇದು ಎಂದು ಲಕ್ಷ್ಮಣನಿಗೆ ಹೇಳಿದಳು. ಲಕ್ಷ್ಮಣ ಡಿಪೋದಿಂದ ದಣಿದು ಬಂದಿದ್ದರೂ ಅವಳು ವಿವರಿಸಿದ್ದನ್ನೆಲ್ಲ ಕೂತು ಕೇಳಿ, “ಕಲಿ, ಕಲಿ” ಎನ್ನುತ್ತಿದ್ದ.

ತೊಂಬತ್ತೊಂಬತ್ತರ ದಸರೆಯಿಂದ ಮುಂದಿನ ಐದು ತಿಂಗಳಲ್ಲಿ ಅಂಗಡಿಯಿಂದ ಹದಿನಾಲ್ಕು ಲಿನಕ್ಸ್ ಕಂಪ್ಯೂಟರು ಹೋದವು. ಮಾರಿದ್ದು ಗುರುಪುತ್ರಪ್ಪನವರ ಮೇಲಿನ ನಂಬಿಕೆ. ಅವರು ಕೊಡುವುದು ಚೊಕ್ಕ ಮಾಲು ಎಂದು ಜನ ಕಣ್ಣುಮುಚ್ಚಿ ತೆಗೆದುಕೊಂಡು ಹೋದರು. ಪ್ರತಿಯೊಂದರ ಹಿಂದೆ ನೀಲಾ ರೆಕ್ಸಿನ್ ಚೀಲ ಹಿಡಿದು ಹೋದಳು. ಈಗ ಅದರಲ್ಲಿ ಎಣ್ಣೆ ಡಬ್ಬಿಯ ಬದಲು ಫ್ಲಾಪಿಗಳು.

ಅವು ಅಂಗಡಿಗೆ ತಿರುಗಿ ಬರಲು ಶುರುವಾದದ್ದು ದೀಪಾವಳಿ ಮುಗಿದ ಮೇಲೆ.

ಮೊದಲನೆಯದು ಒಬ್ಬ ಡಾಕ್ಟರರ ಮನೆಯದು. ಟೆಲಿಫೋನ್ ತಂತಿಗೆ ಸಿಕ್ಕಿಸಿ ಇಂಟರ್ನೆಟ್ ನೋಡುವ ಮೋಡೆಮ್ ಒಳಗಿತ್ತು, ಆದರೆ ಅದನ್ನು ಮಾಡಿದವರು ವಿಂಡೋಸ್‌ಗೆಂದೇ ಮಾಡಿದ್ದರು. ಪ್ರಸಾದ ಮೂರು ಭಾನುವಾರ ಹೆಣಗಿದರೂ ಅದು ಕಿಮಕ್ ಎನ್ನಲಿಲ್ಲ. ಆಮೇಲೆ ಲಗ್ನಪತ್ರಿಕೆ ಅಚ್ಚುಹಾಕುವವರದು ಬಂತು. ಕನ್ನಡ, ಮರಾಠಿ ಅಕ್ಷರ ಮೂಡಿಸುವ ತಂತ್ರಾಂಶಗಳು ಪೇಟೆಯಲ್ಲಿ ಸಿಗುತ್ತಿದ್ದವು, ಒಂದೂ ಲಿನಕ್ಸ್‌ನಲ್ಲಿ ನಡೆಯುತ್ತಿರಲಿಲ್ಲ. ಆಟೋ ನಗರದಲ್ಲಿ ಲಾರಿ ರಿಪೇರಿಯ ವರ್ಕ್‌ಶಾಪ್ ಇಟ್ಟಿದ್ದ ಮೈಲಾರಲಿಂಗನದು ಬೇರೆಯೇ ತಕರಾರು. ಅವನ ಕಂಪ್ಯೂಟರಿಗೆ ಏನೂ ಆಗಿರಲಿಲ್ಲ. “ಬಾಯಾರ, ಕೆಲಸ ಚಲೋನ ಮಾಡತೈತ್ರಿ” ಎಂದು ಕೈ ಒರೆಸಿಕೊಳ್ಳುತ್ತ ಹೇಳಿದ. “ಆದ್ರ ನಮ್ಮ ಹುಡುಗೂರೆಲ್ಲಾ ಕ್ಲಾಸಿನ್ಯಾಗ ಬ್ಯಾರೇದ ಕಲ್ತ ಬಂದಾರ. ಇದರ ಮುಂದ ಕುಂತ್ರ ಪರದೇಶಕ್ಕ ಹೋದಂಗ ಮಾಡ್ತಾರ. ನೀವು ಬಂದ ದಿನ ನಡೀತೈತಿ, ನೀವು ಹ್ವಾದ್ರ ನಿಲ್ಲತೈತಿ.”

ನೀಲಾ ಇದನ್ನೆಲ್ಲ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಟ್ಟಳು. ಹೊಲಿಗೆ ಮಶಿನ್ನಿನ ತಕರಾರುಗಳನ್ನೂ ಅವಳು ಹೀಗೆಯೇ ಬರೆಯುತ್ತಿದ್ದಳು: ಯಾರ ಮನೆ, ಯಾವ ದಿನ, ಏನಾಯಿತು, ಯಾರು ಸರಿಮಾಡಿದರು. ಬರೆಯುವಾಗ ಅವಳಿಗೆ ತಾನೇ ಸೋತಂತೆ ಅನ್ನಿಸುತ್ತಿತ್ತು. ಇಷ್ಟು ಒಳ್ಳೆಯದನ್ನು ಜನರ ಕೈಗೆ ಹತ್ತಿಸಲು ತನಗೆ ಬರಲಿಲ್ಲವಲ್ಲ ಎಂಬ ಸಂಕಟ.

ಮಾರ್ಚ್ ತಿಂಗಳು. ಅವಳ ತಾಯಿ ಸಾತವ್ವನಿಗೆ ಕಣ್ಣಿನ ಪೊರೆಯ ಆಪರೇಶನ್ ಆಗಿತ್ತು. ನೀಲಾ ಎರಡು ದಿನ ರಜೆ ಹಾಕಿ ಬೀಡಿಗೆ ಹೋಗಿದ್ದಳು. ಮಧ್ಯಾಹ್ನ ತಾಯಿಯ ಕಣ್ಣಿಗೆ ಔಷಧ ಹಾಕುತ್ತಿದ್ದಾಗ ಅಂಗಳದಲ್ಲಿ ಮೋಟಾರ್‌ಸೈಕಲ್ ನಿಂತ ಸಪ್ಪಳವಾಯಿತು. ಹೊರಗೆ ಬಂದು ನೋಡಿದರೆ ನಾಗಲಿಂಗ. ಮೈಯೆಲ್ಲ ಕೆಂಧೂಳು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನಾಗಲಿಂಗನದು ಖಾನಾಪುರದಲ್ಲಿ ಹಂಚಿನ ಭಟ್ಟಿ. ಅವನ ಹಂಚು ಲಾರಿ ತುಂಬಿ ಗೋವಾಕ್ಕೆ ಹೋಗುತ್ತಿತ್ತು. ಮಳೆಗಾಲಕ್ಕೆ ಮುಂಚೆ ಮನೆ ಹೊದಿಸುವವರು ಅವಸರ ಮಾಡುವ ದಿನಗಳವು. ಯಾವ ಊರಿನ ಯಾರಿಗೆ ಯಾವ ಅಳತೆಯ ಹಂಚು, ಎಷ್ಟು, ಎಂದು ಹೋಗಬೇಕು ಎಂಬ ಪಟ್ಟಿಯೆಲ್ಲ ಅವನ ಕಂಪ್ಯೂಟರಿನಲ್ಲಿತ್ತು. ಪಟ್ಟಿ ಮಾಡಲು ಕಲಿಸಿದವಳೂ ನೀಲಾಳೇ. ಅವನು ಆಸೆಯಿಂದ ಕಲಿತಿದ್ದ.

“ನಿನ್ನಿ ಕರೆಂಟ್ ಹೋತ್ರಿ ಅಕ್ಕಾರ. ಹೋಗಿ ಬಂತು, ಮತ್ತ ಹೋತು. ಇವತ್ತ ಮುಂಜಾನೆ ಚಾಲೂ ಮಾಡಿದ್ರ ಪರದೆ ಕರ್ರಗ ಆಗಿ ಇಂಗ್ಲೀಷಿನ್ಯಾಗ ಏನೋ ಕೇಳಾಕತ್ತೈತಿ. ಏನ್ ಒತ್ತಿದ್ರೂ ಅದನ್ನ ಕೇಳತೈತಿ. ಅಂಗಡಿಗಿ ಫೋನ್ ಮಾಡ್ದೆ, ಪ್ರಸಾದ ಸರ್ ಪರೀಕ್ಷಾ ಕೆಲಸಕ್ಕ ಧಾರವಾಡಕ್ಕ ಹೋಗ್ಯಾರಂತ. ನೀವು ಇಲ್ಲಿದ್ದೀರಂದ್ರು. ಮೂರು ಲಾರಿ ಬಾಗಲದಾಗ ನಿಂತಾವ್ರಿ.”

ನೀಲಾಳಿಗೆ ತಿಳಿಯಿತು. ಕರೆಂಟ್ ಹಠಾತ್ತನೆ ಹೋದರೆ ಲಿನಕ್ಸ್ ಮತ್ತೆ ಏಳುವಾಗ ಒಳಗಿನ ಕಡತಗಳನ್ನೆಲ್ಲ ತಪಾಸಣೆ ಮಾಡಿಕೊಳ್ಳುತ್ತದೆ. ಬಹಳ ಸಲ ತಾನೇ ಸರಿಮಾಡಿಕೊಂಡು ಏಳುತ್ತದೆ. ಒಮ್ಮೊಮ್ಮೆ ಮಾತ್ರ ಎಲ್ಲ ಅಧಿಕಾರವಿರುವ ಯಜಮಾನನ ಗುಪ್ತಪದ, ಅಂದರೆ ಪಾಸ್‌ವರ್ಡ್, ಕೇಳಿ ನಿಂತುಬಿಡುತ್ತದೆ. ಆ ಗುಪ್ತಪದವನ್ನು ಅವಳು ಯಾವ ಗಿರಾಕಿಗೂ ಕೊಟ್ಟಿರಲಿಲ್ಲ. ಗೊತ್ತಿಲ್ಲದೆ ಏನಾದರೂ ಅಳಿಸಿಬಿಟ್ಟಾರು ಎಂಬ ಹೆದರಿಕೆಗೆ ಹದಿನಾಲ್ಕನ್ನೂ ತನ್ನ ನೋಟ್‌ಬುಕ್ಕಿನಲ್ಲೇ ಇಟ್ಟುಕೊಂಡಿದ್ದಳು.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಸಾತವ್ವ ಒಳಗಿನಿಂದಲೇ, “ಹೋಗ್ ಬಾರವಾ, ನಾ ಎಲ್ಲಿ ಓಡಿ ಹೋಗ್ತೇನಿ” ಎಂದಳು. ನೀಲಾ ಅತ್ತಿಗೆಗೆ ಔಷಧದ ಶೀಶೆ ಕೊಟ್ಟು, ನೋಟ್‌ಬುಕ್ಕಿದ್ದ ಚೀಲ ಹೆಗಲಿಗೇರಿಸಿ ಮೋಟಾರ್‌ಸೈಕಲ್ ಹತ್ತಿದಳು.

ಭಟ್ಟಿಯ ಬಾಗಿಲಲ್ಲಿ ಡ್ರೈವರುಗಳು ಲಾರಿಯ ನೆರಳಿಗೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಅವಳು ಕುರ್ಚಿಯಲ್ಲಿ ಕುಳಿತು ಗುಪ್ತಪದ ಹೊಡೆದಳು. ತಪಾಸಣೆ ಶುರುವಾಯಿತು. ಸರಿಮಾಡಲೇ, ಸರಿಮಾಡಲೇ ಎಂದು ಅದು ಕೇಳಿದಾಗಲೆಲ್ಲ ಹೌದು ಎಂದು ಒತ್ತುತ್ತ ಹೋದಳು. ಇಪ್ಪತ್ತು ನಿಮಿಷ. ನಾಗಲಿಂಗ ಕುರ್ಚಿಯ ಹಿಂದೆಯೇ ನಿಂತಿದ್ದ. ಕಂಪ್ಯೂಟರು ಮತ್ತೆ ಎದ್ದಾಗ ಪಟ್ಟಿ ಇದ್ದ ಹಾಗೇ ಇತ್ತು, ಒಂದು ಸಾಲೂ ಹೋಗಿರಲಿಲ್ಲ. ಹೊತ್ತು ಇಳಿಯುವುದರೊಳಗೆ ಮೂರೂ ಲಾರಿ ಹೊರಟವು.

ನಾಗಲಿಂಗ ಬೈಯಲಿಲ್ಲ. ಅವನು ಬೈದಿದ್ದರೆ ನೀಲಾಳಿಗೆ ಹಗುರವಾಗುತ್ತಿತ್ತು. ಮನೆಯಿಂದ ಚಹಾ, ಅವಲಕ್ಕಿ ತರಿಸಿದ. ಅವಳು ತಿನ್ನುವವರೆಗೆ ಎದುರಿಗೆ ಕೂತ. ಆಮೇಲೆ ಕೈಮುಗಿದು ಹೇಳಿದ: “ಅಕ್ಕಾರ, ಅವ್ವನ ಆಪರೇಶನ್ ಬಿಟ್ಟು ಬಂದ್ರಿ. ನಿಮ್ಮ ಉಪಕಾರ ನಾ ಮರ್ಯಂಗಿಲ್ಲ. ಆದ್ರ ಒಂದ್ ಮಾತ್ ಕೇಳ್ತೇನಿ, ತಪ್ಪ ತಿಳೀಬ್ಯಾಡ್ರಿ. ನೀವು ಬೀಡ್ಯಾಗೂ ಇರದ ಮತ್ತೆಲ್ಲೋ ಇದ್ದಿದ್ರ ನಾ ಏನ್ ಮಾಡೂದಿತ್ರಿ?”

ಅವನು ಮತ್ತೆ ಬೀಡಿಗೆ ಬಿಟ್ಟುಬರುತ್ತೇನೆಂದರೂ ನೀಲಾ ಬೇಡವೆಂದು ಬಸ್ಸು ಹಿಡಿದಳು. ಬಸ್ಸಿನಲ್ಲಿ ಕಿಟಕಿಗೆ ಒರಗಿ ಕೂತಾಗ ಅವಳಿಗೆ ಒಂದು ವಿಷಯ ಹೊಳೆಯಿತು. ಅವನು ಉಪಕಾರ ನೆನೆದದ್ದು ತನ್ನದು. ಮಾರಿದ ಸಾಮಾನಿನದಲ್ಲ. ಹೊಲಿಗೆ ಮಶಿನ್ ಕೊಂಡ ಹೆಂಗಸರು ಹದಿನೈದು ದಿನ ಆದ ಮೇಲೆ ಅವಳನ್ನು ಮರೆತುಬಿಡುತ್ತಿದ್ದರು. ಎಲ್ಲೋ ಜಾತ್ರೆಯಲ್ಲಿ ಸಿಕ್ಕರೆ ನಗುತ್ತಿದ್ದರು, ಅಷ್ಟೇ. ಅದೇ ಸರಿಯಾದದ್ದು. ಐದು ತಿಂಗಳಾದರೂ ಒಬ್ಬ ಗಿರಾಕಿ ತನ್ನನ್ನು ಮರೆಯಲಾರನೆಂದರೆ ತಾನು ಅವನಿಗೆ ಕೊಟ್ಟದ್ದೇನು?

ಮೇ ತಿಂಗಳ ಒಂದು ಬೆಳಿಗ್ಗೆ ಗುರುಪುತ್ರಪ್ಪ ಅಂಗಡಿಯ ಅರ್ಧ ಬಾಗಿಲು ಎಳೆದು, ಮೂರು ಕುರ್ಚಿ ಹಾಕಿಸಿದರು. ಒಂದರಲ್ಲಿ ತಾವು, ಒಂದರಲ್ಲಿ ಪ್ರಸಾದ. ಮೂರನೆಯದರಲ್ಲಿ ನೀಲಾಳನ್ನು ಕೂರಲು ಹೇಳಿದರು. ಹದಿನಾರು ವರ್ಷದಲ್ಲಿ ಅವಳು ಮಾಲಕರ ಎದುರು ಕುರ್ಚಿಯಲ್ಲಿ ಕೂತಿರಲಿಲ್ಲ.

ಹಿಂದಿನ ದಿನ ಹುಬ್ಬಳ್ಳಿಯಿಂದ ವಿತರಕರ ಕಡೆಯ ಒಬ್ಬ ಮನುಷ್ಯ ಬಂದು ಹೋಗಿದ್ದ. ಬಿಲ್ಲು ಸಹಿತದ ವಿಂಡೋಸ್ ಹಾಕಿದ ಕಂಪ್ಯೂಟರ್ ಮಾರುವುದಾದರೆ ಅಂಗಡಿಗೆ ಬೋರ್ಡು ಬರೆಸಿಕೊಡುತ್ತೇವೆ, ಜಾಹೀರಾತಿನ ಅರ್ಧ ಖರ್ಚು ನಮ್ಮದು, ನಿಮ್ಮ ಒಬ್ಬರಿಗೆ ಹುಬ್ಬಳ್ಳಿಯಲ್ಲಿ ತರಬೇತಿ, ತಕರಾರು ಬಂದರೆ ಈ ನಂಬರಿಗೆ ಫೋನು ಎಂದು ಹೇಳಿದ್ದ. ಅದನ್ನೆಲ್ಲ ಗುರುಪುತ್ರಪ್ಪ ವಿವರಿಸಿದರು.

ಪ್ರಸಾದ ಮುಂದಕ್ಕೆ ಬಾಗಿ ಹೇಳಿದ: “ಕಾಕಾ, ಅದು ಅವರು ಒಡ್ಡಿದ ಬಲಿ. ಬೋರ್ಡ್ ಕೊಡ್ತಾರ, ಆಮ್ಯಾಲ ಮೂರು ವರ್ಷಕ್ಕೊಮ್ಮೆ ಹೊಸಾದು ತಗೋರಿ ಅಂತಾರ. ಒಳಗ ಏನೈತಿ ಅಂತ ನೋಡಾಕೂ ಬಿಡೂದಿಲ್ಲ. ನಾವು ಕೊಡೂದು ಜನರ ಸ್ವಂತದ್ದು.”

“ನೀ ಹೇಳೂದು ಖರೇ ಐತಿ” ಎಂದರು ಮುದುಕರು. “ಆದ್ರ ನಾನೂ ನೀನೂ ಅಂಗಡ್ಯಾಗ ಕುಂತವ್ರು. ಮನಿಮನಿಗಿ ಹೋದಾಕಿ ಇಕಿ. ನೀಲವ್ವಾ, ನೀ ಹೇಳು. ನಾವು ಯಾವುದು ಮಾರೂಣು? ನೀ ಏನ್ ಹೇಳ್ತಿ ಅದ.”

ಇಬ್ಬರೂ ಓದಿ ಬರೆದ ಗಂಡಸರು ಮಾತು ನಿಲ್ಲಿಸಿ ಅವಳ ಮುಖ ನೋಡುತ್ತ ಕುಳಿತರು. ನೀಲಾ ನೋಟ್‌ಬುಕ್ ತೆರೆದಳು.

“ಮಾಲಕರ, ಹದಿನಾಲ್ಕರಾಗ ಒಂಬತ್ತು ತಕರಾರ್ ಆಗ್ಯಾವ್ರಿ. ಆರು ಅಂಗಡಿಗಿ ವಾಪಸ್ ಬಂದಾವು, ಎರಡು ಕಡೆ ಮಂದಿ ಬ್ಯಾರೇ ಅಂಗಡ್ಯಾಗ ನಕಲಿದು ಹಾಕಿಸ್ಯಾರ, ಉಳಿದ ಒಂದು ನಾಗಲಿಂಗಂದು. ಪ್ರಸಾದ ಸರ್, ನಾ ಖರೇ ಹೇಳ್ತೇನ್ರಿ, ಆ ಒಂಬತ್ತರಾಗೂ ಲಿನಕ್ಸಿಂದ ತಪ್ಪಿಲ್ಲ. ನನಗ ಅದರಷ್ಟು ಚಲೋದು ಯಾವುದೂ ಅನಸೂದಿಲ್ಲ.”

“ಮತ್ಯಾಕ್ರಿ ನೀಲಕ್ಕ?” ಪ್ರಸಾದನ ದನಿ ಮೆತ್ತಗಿತ್ತು.

“ಹೊಲಿಗಿ ಮಶಿನ್ ನೋಡ್ರಿ ಸರ್. ಖಾನಾಪುರದಾಗ ಒಂದು ಶಟಲ್ ಮುರೀತಂದ್ರ ನಂದಗಡದಾಗ ಸಿಗತೈತಿ, ಬೈಲಹೊಂಗಲದಾಗ ಸಿಗತೈತಿ. ನಾ ಇರಲಿಲ್ಲಂದ್ರ ಬಾಜೂ ಮನಿಯಾಕಿ ಬಂದು ದಾರ ಹಾಕಿ ಕೊಡ್ತಾಳ. ವಿಂಡೋಸ್ ಹಂಗ ಆಗೇತ್ರಿ. ಕೆಟ್ಟರ ಓಣ್ಯಾಗ ನಾಕ ಮಂದಿಗಿ ಗೊತ್ತೈತಿ. ಕ್ಲಾಸಿನ್ಯಾಗ ಅದನ್ನ ಕಲಸ್ತಾರ. ಮೋಡೆಮ್ ಮಾಡವ್ರು, ಪ್ರಿಂಟರ್ ಮಾಡವ್ರು, ಕನ್ನಡ ಅಕ್ಷರ ಮಾಡವ್ರು, ಎಲ್ಲಾರೂ ಅದಕ್ಕಂತನ ಮಾಡ್ಯಾರ. ಲಿನಕ್ಸ್ ಕೆಟ್ಟರ ಬೆಳಗಾವಿ ಜಿಲ್ಲಾದಾಗ ಮಂದಿ ಯಾರನ್ನ ಕೇಳ್ಬೇಕು? ನೀವು, ಇಲ್ಲಂದ್ರ ನಾನು. ನನ್ನ ಎರಡು ಕಾಲಿಗಿ ಹದಿನಾಲ್ಕು ಆತು. ನಲವತ್ತಾದ್ರ ಏನ್ ಮಾಡೂಣ್ರಿ? ಅಂಗಡ್ಯಾಗ ಸಾಮಾನ್ ಮಾರಿದ್ರ ಮಂದಿ ಸಾಮಾನ್ ಒಯ್ಯಬೇಕು. ನಾವು ಸಾಮಾನಿನ ಹೆಸರ್ಲೆ ನನ್ನ ಮಾರೇವಿ.”

ಅವಳು ಪುಟ ಮಗುಚಿ ಮುಂದುವರಿಸಿದಳು: “ಪುಗಸಟ್ಟೆ ಐತಿ ಅಂತ ಹೇಳಿದ್ರೂ ಗಿರಾಕಿಗೆ ಅದು ದೊಡ್ಡದನಸೂದಿಲ್ಲ. ನಕಲಿನೂ ಅವರಿಗೆ ಪುಗಸಟ್ಟೆನ ಸಿಗತೈತಿ. ಅವರಿಗಿ ಬೇಕಾಗಿದ್ದು, ಕರ್ರನ ಪರದೆ ಬಂದ ದಿನ ಯಾರನ್ನ ಕೇಳೂದು ಅನ್ನೂದು. ಬಿಲ್ಲಿಂದ ಮಾರೂಣ್ರಿ ಮಾಲಕರ. ತುಟ್ಟಿ ಆಗತೈತಿ, ಕಡಿಮಿ ಹೋಗತಾವು. ಕಳವಂತೂ ಅಲ್ಲ. ಯಾರರೆ ಲಿನಕ್ಸ್ ಬೇಕಂತ ತಾವಾಗೇ ಬಂದ್ರ ಹಾಕಿ ಕೊಡೂಣು, ಅಂಥವರಿಗಿ ತಾವ ನೋಡ್ಕೊಳ್ಳಾಕ ಬರತೈತಿ.”

ನೀಲಾಳಿಗೆ ಪ್ರಸಾದನ ಕಡೆ ನೋಡುವ ಧೈರ್ಯವಾಗಲಿಲ್ಲ. ಆರು ತಿಂಗಳ ಭಾನುವಾರಗಳು, ಸಮೃದ್ಧಿಯ ಕೈಯ ಉಪ್ಪಿಟ್ಟು, ಎಲ್ಲ ನೆನಪಾದವು. ತನಗೆ ವಿದ್ಯೆ ಕೊಟ್ಟವನ ಎದುರಿಗೇ ಆ ವಿದ್ಯೆಯನ್ನು ಬೇಡವೆಂದು ಹೇಳಿದ್ದಳು.

ಪ್ರಸಾದ ಎದ್ದು ಅವಳ ಕೈಯಿಂದ ನೋಟ್‌ಬುಕ್ ಕೇಳಿ ಇಸಿದುಕೊಂಡ. ನಿಂತುಕೊಂಡೇ ಒಂಬತ್ತೂ ತಕರಾರು ಓದಿದ. “ನೀಲಕ್ಕ, ಇದನ್ನ ನಾ ಒಂದ್ ಸಲ ಬರಕೊಳ್ಳಲೇನ್ರಿ?” ಎಂದ. “ನಮ್ಮ ಲಿನಕ್ಸ್ ಮಂದಿ ಅದು ಯಾಕ ಅಂಗಡ್ಯಾಗ ನಡಿಯೂದಿಲ್ಲ ಅಂತ ಪತ್ರದಾಗ ದೊಡ್ಡ ದೊಡ್ಡ ಮಾತ್ ಬರೀತಾರ. ಇಷ್ಟು ಸಾಫ್ ಯಾರೂ ಬರ್ದಿಲ್ಲ. ಇದನ್ನ ಲಿನಕ್ಸ್ ಮಾಡವರಿಗಿ ಕಳಸ್ತೇನಿ. ಕರೆಂಟ್ ಹೋದ್ರ ಹಿಂಗ ಆಗತೈತಿ ಅಂತ ಅವರಿಗೂ ಗೊತ್ತಾಗ್ಬೇಕು.” ಸಿಟ್ಟಿನ ಒಂದು ಎಳೆಯೂ ಅವನ ಮುಖದಲ್ಲಿರಲಿಲ್ಲ. ಬೇಸರವಿತ್ತು, ಅದನ್ನವನು ಮುಚ್ಚಿಡಲಿಲ್ಲ. ನೀಲಾ ಆ ದಿನ ಮನೆಗೆ ಹೋಗಿ ಲಕ್ಷ್ಮಣನಿಗೆ, “ದೊಡ್ಡ ಮನಸಿನ ಮಂದಿ ನಡುವ ಬಿದ್ದೇನ್ರಿ ನಾನು” ಎಂದು ಕಣ್ಣೊರೆಸಿಕೊಂಡಳು.

ಅಂಗಡಿಗೆ ಹೊಸ ಬೋರ್ಡು ಬಂತು. ವ್ಯಾಪಾರ ಒಮ್ಮೆಲೇ ಏರಲಿಲ್ಲ. ನಕಲು ಹಾಕಿಕೊಡುವ ಅಂಗಡಿಗೆ ಹೋದವರು ಹೋದರು. ಆದರೆ ಶಾಲೆ, ಪತ್ತಿನ ಸಂಘದಂಥ ಬಿಲ್ಲು ಬೇಕಾದವರೆಲ್ಲ ಹುಡುಕಿಕೊಂಡು ಬರತೊಡಗಿದರು. ತರಬೇತಿಗೆ ಹುಬ್ಬಳ್ಳಿಗೆ ಹೋದವಳು ನೀಲಾ. ಇಪ್ಪತ್ತಾರು ಜನರಲ್ಲಿ ಹೆಂಗಸು ಅವಳೊಬ್ಬಳೇ, ಕಂಪ್ಯೂಟರಿನ ಒಳಗು ಚೆನ್ನಾಗಿ ಗೊತ್ತಿದ್ದವಳೂ ಅವಳೇ. ಅದು ಲಿನಕ್ಸ್ ಕಲಿಸಿದ್ದ ವಿದ್ಯೆ.

ವಾಪಸ್ ಬಂದ ಆರು ಕಂಪ್ಯೂಟರುಗಳು ಅಂಗಡಿಯ ಅಟ್ಟದ ಮೇಲೆ ಕೂತಿದ್ದವು. ಅವನ್ನು ಬೇಡಿದವಳು ನೀಲಾ. ಖಾನಾಪುರದಲ್ಲಿ ಒಂದು ಕ್ಲಾಸ್ ತೆರೆಯೋಣ, ದಿನಾ ಸಂಜೆ ನಾನೇ ಅಲ್ಲಿರುತ್ತೇನೆ, ನಾನಿದ್ದಲ್ಲಿ ಲಿನಕ್ಸ್ ಕೆಡುವ ಭಯವಿಲ್ಲ ಎಂದು ಕೇಳಿದಳು. ಗುರುಪುತ್ರಪ್ಪ ಆ ವಾರವೇ ಟೆಂಪೋದಲ್ಲಿ ಕಳಿಸಿದರು. ಕ್ಲಾಸಿಗೆಂದು ಗೊತ್ತುಮಾಡಿದ್ದ ನೀಲಾಳ ಮನೆಯ ಹಿತ್ತಲಿನ ಕೊಟ್ಟಿಗೆಗೆ ಗೋಡೆಯಿತ್ತು, ಮೇಲಿನ ಹೊದಿಕೆ ಜೀರ್ಣವಾಗಿತ್ತು. ಈ ಸುದ್ದಿ ಹೇಗೋ ನಾಗಲಿಂಗನಿಗೆ ಮುಟ್ಟಿತು. ಅವನು ಟ್ರ್ಯಾಕ್ಟರಿನಲ್ಲಿ ಎಂಟುನೂರು ಹಂಚು ತಂದು ಇಳಿಸಿದ. ಹಣ ಎಂದದ್ದಕ್ಕೆ, “ಲಾರಿ ನಿಂತ ದಿನ ನೀವು ಕೇಳಿದ್ರೇನ್ರಿ?” ಎಂದು ಹೊರಟುಹೋದ. ಅವನ ಕಂಪ್ಯೂಟರಿಗೆ ಅಷ್ಟರಲ್ಲಿ ನೀಲಾಳೇ ಹೋಗಿ, ಬಿಲ್ಲಿನ ವಿಂಡೋಸ್ ಹಾಕಿ, ಪಟ್ಟಿಯನ್ನೆಲ್ಲ ಅದಕ್ಕೆ ಸಾಗಿಸಿ ಕೊಟ್ಟಿದ್ದಳು. ಈಗ ಅದು ಕೆಟ್ಟರೆ ಸ್ಟೇಶನ್ ರೋಡಿನ ಕಂಪ್ಯೂಟರ್ ಅಂಗಡಿಯ ಹುಡುಗರೇ ನೋಡುತ್ತಿದ್ದರು.

ಶ್ರಾವಣದಲ್ಲಿ ಕ್ಲಾಸ್ ಶುರುವಾಯಿತು. ಮೊದಲ ತಂಡದಲ್ಲಿ ಒಂಬತ್ತು ಜನ. ಇಬ್ಬರು ಶಾಲೆಯ ಬಾಯಾರು, ಡಿಪೋದ ಒಬ್ಬ ಗುಮಾಸ್ತ, ಉಳಿದವರು ಕುಂಬಾರ ಓಣಿಯ ಮತ್ತು ಸುತ್ತಲಿನ ಹೆಣ್ಣುಮಕ್ಕಳು. ಮೊದಲ ದಿನವೇ ರೂಪಾಲಿ ಎಂಬವಳು ಮರಾಠಿಯಲ್ಲಿ ಕೇಳಿದಳು, ಇದನ್ನು ಕಲಿತರೆ ಬೆಳಗಾವಿಯಲ್ಲಿ ಕೆಲಸ ಸಿಗುತ್ತದೆಯೇ ಎಂದು. ನೀಲಾ ಸುಳ್ಳು ಹೇಳಲಿಲ್ಲ. ಇದರಲ್ಲಿ ಕಂಪ್ಯೂಟರು ಹೇಗೆ ಬದುಕುತ್ತದೆಂದು ಕಲಿಯಿರಿ, ಆಫೀಸಿನವರು ಕೇಳುವುದು ಇನ್ನೊಂದನ್ನು ಎಂದಳು. ಎರಡು ಕಂಪ್ಯೂಟರಿಗೆ ಬಿಲ್ಲಿನ ವಿಂಡೋಸ್ ಹಾಕಿಸಿ ಎರಡನ್ನೂ ಕಲಿಸಿದಳು. ಪ್ರಸಾದ ಶನಿವಾರ ಮಧ್ಯಾಹ್ನದ ರೈಲಿಗೆ ಬಂದು ಪಾಠ ಮಾಡಿ ಹೋಗುತ್ತಿದ್ದ. ರೂಪಾಲಿ ಮುಂದೆ ಒಂದು ಪತ್ತಿನ ಸಂಘದಲ್ಲಿ ಕೆಲಸಕ್ಕೆ ಸೇರಿದಳು. ಮೊದಲ ಪಗಾರದಲ್ಲಿ ನೀಲಾಳಿಗೊಂದು ಇಳಕಲ್ ಕುಬಸದ ಕಣ ತಂದಳು.

ಎರಡು ಸಾವಿರದ ಎರಡರ ಚಳಿಗಾಲದಲ್ಲಿ ಒಂದು ಭಾನುವಾರ ಗುರುಪುತ್ರಪ್ಪ ಕ್ಲಾಸ್ ನೋಡಲು ಖಾನಾಪುರಕ್ಕೆ ಬಂದರು. ಮೊಣಕಾಲು ನೋವು, ಆದರೂ ಬಸ್ಸಿನಲ್ಲೇ ಬಂದರು. ಭಾನುವಾರದ ಬೆಳಗಿನ ತಂಡದ ಹುಡುಗಿಯರ ಹಿಂದೆ ನಿಂತು ಒಂದೊಂದೇ ಪರದೆ ನೋಡಿದರು. ನೀಲಾಳ ಮನೆಯಲ್ಲಿ ರೊಟ್ಟಿ, ಎಣಗಾಯಿ ಪಲ್ಯ ಉಂಡರು. ಅತ್ತೆಗೆ ಈಗ ಕಿವಿ ಮಂದವಾಗಿತ್ತು. ಅವಳ ಹತ್ತಿರ ಕೂತು ಜೋರಾಗಿ, “ನಿಮ್ಮ ಸೊಸಿನ ಆರರ ಬಸ್ಸಿಗಿ ಕಳಸೇನಿಲ್ರಿ?” ಎಂದು ಕೇಳಿ ನಗಿಸಿದರು.

ಸಂಜೆ ನಾಲ್ಕಕ್ಕೆ ನೀಲಾ ಅವರನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಬಂದಳು. ಬೆಳಗಾವಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಕಲ್ಲಿನ ಬೆಂಚಿನ ಮೇಲೆ ಅವರು ಕೂತರು. ಇವಳು ನಿಂತಳು.

“ಮಾಲಕರ, ಒಂದ್ ಮಾತ್ ಹೇಳೂದಿತ್ರಿ.”

“ಹೇಳವಾ.”

“ಆವತ್ತ ನೀವು ನನ್ನ ಕೇಳಿದ್ರಲ್ರಿ, ಯಾವುದು ಮಾರೂಣು ಅಂತ. ನಮ್ಮ ಅಪ್ಪ ಕುರಿ ಮಾರುವಾಗ ನಮ್ಮ ಅವ್ವನ್ನ ಕೇಳ್ತಿದ್ದಿಲ್ಲ. ಸಾಲ್ಯಾಗ ಮಾಸ್ತರ ಹೆಣ್ಣುಮಕ್ಕಳನ್ನ ಕೇಳ್ತಿದ್ದಿಲ್ಲ. ನನ್ನ ಅಷ್ಟು ಬೆಲಿ ಕೊಟ್ಟು ಯಾರೂ ಕೇಳಿದ್ದಿಲ್ರಿ. ಅದನ್ನ ನಿಮಗ ಹೇಳ್ಬೇಕಂತ ಎರಡು ವರ್ಷ ಆತು.”

ಮುದುಕರು ಟೊಪ್ಪಿಗೆ ತೆಗೆದು ತಲೆ ಸವರಿಕೊಂಡರು. “ನೀ ಹೇಳಲಿಲ್ಲಂದ್ರ ನಾನು ಮತ್ತ ಮೂವತ್ತು ಮಾರಿ, ಮೂವತ್ತು ಮನಿಯವರ ಬೈಗಳ ತಿಂದು ಅಂಗಡಿ ಮುಚ್ಚತಿದ್ನೆವಾ. ಉಪಕಾರ ನೀನ ಮಾಡಿದಾಕಿ” ಎಂದರು. ಆಮೇಲೆ, ಇದೂ ಅದಕ್ಕೆ ಸೇರಿದ ಮಾತೆಂಬಂತೆ, “ಎಣಗಾಯಿಗಿ ಗುರೆಳ್ಳು ಚಲೋ ಹಾಕಿದ್ದಿ” ಎಂದರು.

ಬಸ್ಸು ಬಂತು. ಲಕ್ಷ್ಮಣನ ಗೆಳೆಯನೇ ಕಂಡಕ್ಟರ್, ಮುಂದಿನ ಸೀಟು ಹಿಡಿದಿಟ್ಟಿದ್ದ. ನೀಲಾ ಅವರ ಕೈಹಿಡಿದು ಹತ್ತಿಸಿ, ಮಡಿಲಿಗೆ ರೊಟ್ಟಿಯ ಗಂಟು ಇಟ್ಟು ಕೆಳಗಿಳಿದಳು. ಸಂಜೆಯ ತಂಡದ ಹುಡುಗಿಯರು ಬರುವ ಹೊತ್ತಾಗಿತ್ತು. ಅವಳು ಬೇಗಬೇಗ ಹೆಜ್ಜೆ ಹಾಕಿದಳು.